ಅತ್ತೆಯ ಮೊಣಕಾಲೂ ನನ್ನ ಪವರ್ ಬ್ಯಾಂಕೂ

ಪವರ್ ಬ್ಯಾಂಕ್ ಬಳಸುವುದು ನನಗೆ ಗೊತ್ತು ಎಂದು ನಾನು ಆ ಬೆಳಿಗ್ಗೆ ಹತ್ತು ಗಂಟೆಯವರೆಗೂ ದೃಢವಾಗಿ ನಂಬಿದ್ದೆ. ಹತ್ತೋ, ಹತ್ತೂವರೆಯೋ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಅನುಮಾನ ಬಂದ ಕಡೆ ಹೆಂಡತಿ ಗೌರಿಯ ಹೇಳಿಕೆಯನ್ನೂ ದಾಖಲಿಸುತ್ತೇನೆ.

ಅಂದು ಗುಂಡ್ಲುಪೇಟೆಯಿಂದ ಅತ್ತೆಯ ತಮ್ಮ ಮಾದಪ್ಪ ಊಟಿಗೆ, ನಮ್ಮ ಮನೆಗೆ ಬರುವವರಿದ್ದರು. ತಾಯಿ ತೀರಿಕೊಂಡಾಗ ಸ್ನಾನದ ನೀರು ಕಾಯಿಸುವ ಒಂದು ತಾಮ್ರದ ಹಂಡೆ ಯಾರಿಗೆ ಸೇರಬೇಕೆಂದು ಅಕ್ಕ ತಮ್ಮ ಜಗಳವಾಡಿ, ಆರು ವರ್ಷ ಮಾತು ಬಿಟ್ಟಿದ್ದರು. ಈಗ ತಮ್ಮನೇ ಬರುತ್ತೇನೆಂದಿದ್ದರು. ಅತ್ತೆ ಹೊಸ ಸೀರೆ ಉಟ್ಟು, ಮೇಲೆ ಎರಡು ಸ್ವೆಟರ್ ತೊಟ್ಟು, ಮೊಣಕಾಲಿಗೆ ಕಂಬಳಿ ಹೊದ್ದು ಬಾಗಿಲಿಗೆ ಎದುರಾಗಿ ಕೂತಿದ್ದರು.

ಹೊರಗಿನ ಕಾರು ಬೆಟ್ಟ ಹತ್ತಬೇಕಾದರೆ ಇ-ಪಾಸ್ ಬೇಕು. ಮಾದಪ್ಪನವರದು ಗುಂಡಿ ಒತ್ತುವ ಹಳೇ ಫೋನು. ಪಾಸನ್ನು ನನ್ನ ಫೋನಿನಲ್ಲಿ ನಾನೇ ಮಾಡಿಸಿದ್ದೆ. "ಚೆಕ್‌ಪೋಸ್ಟಿಗೆ ಬಂದು ಒಂದು ಕಾಲ್ ಮಾಡಿ, ನಂಬರ್ ಓದಿ ಹೇಳ್ತೀನಿ" ಎಂದು ಭರವಸೆಯನ್ನೂ ಕೊಟ್ಟಿದ್ದೆ. ಆ ನಂಬರನ್ನು ಅವರ ಹತ್ತಿರ ಈಗಲೇ ಬರೆಸಿಬಿಡಿ ಎಂದು ಗೌರಿ ಹೇಳಿದ್ದಳಂತೆ. ನನಗೆ ನೆನಪಿಲ್ಲ.

"ನೀವು ಫೋನ್ ಎತ್ತದಿದ್ರೆ ಮುಗೀತು, ಅಳಿಯಂದ್ರೆ," ಎಂದರು ಅತ್ತೆ. "ಬೇಕಂತಲೇ ನಿಲ್ಲಿಸಿದ್ರು ಅಂತ ಕಾರು ತಿರುಗಿಸ್ಕೊಂಡು ಹೋಗ್ತಾನೆ. ಇನ್ನೂ ಆರು ವರ್ಷ ಕಾಯೋಕೆ ನಾನಿರ್ತೀನಾ?"

ಹಿಂದಿನ ದಿನದ ಗಾಳಿಗೆ ನೀಲಗಿರಿ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ನನ್ನ ಫೋನಿನಲ್ಲಿ ಉಳಿದದ್ದು ಶೇಕಡ ಹತ್ತು. (ಗೌರಿ: ಇಪ್ಪತ್ತೈದು!) ನಾನು ನಕ್ಕೆ. ಪವರ್ ಬ್ಯಾಂಕ್ ಇತ್ತಲ್ಲ!

ಆದರೂ ಜವಾಬ್ದಾರಿಯುತ ನಾಗರಿಕನಾದ್ದರಿಂದ, ಗೌರಿಯ ಫೋನು ಇಸಿದುಕೊಂಡು 'ಪವರ್ ಬ್ಯಾಂಕಿನ ಸುರಕ್ಷಿತ ಬಳಕೆ' ಎಂಬ ವಿಡಿಯೋ ಹಾಕಿದೆ. ಮೊದಲ ಹತ್ತು ನಿಮಿಷ ಆ ಮನುಷ್ಯ ತನ್ನ ಚಾನೆಲ್ ಬಗ್ಗೆಯೇ ಮಾತಾಡಿದ. ಕೊನೆಗೆ ಬೆರಳೆತ್ತಿ, "ಯಾವ ಕಾರಣಕ್ಕೂ ಇದೊಂದನ್ನು ಮಾತ್ರ…" ಎಂದ.

ಗೌರಿಯ ಫೋನು ಕಪ್ಪಾಯಿತು!

"ಏನಂದ ರೀ?"

"ಯಾವ ಕಾರಣಕ್ಕೂ ಹೆದರಬೇಡಿ ಅಂದ," ಎಂದೆ.

ಪವರ್ ಬ್ಯಾಂಕ್ ಕಪಾಟಿನಲ್ಲಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಹೊಟ್ಟೆ ಸ್ವಲ್ಪ ಉಬ್ಬಿತ್ತು. ನನ್ನ ಹೊಟ್ಟೆಯೂ ಉಬ್ಬಿದೆ, ನಾನು ಕೆಲಸ ಮಾಡುತ್ತಿಲ್ಲವೆ? ಎರಡೂ ತುದಿ ಒಂದೇ ಥರ ಇರುವ ಕೇಬಲ್ಲಿನಿಂದ ಅದನ್ನು ಫೋನಿಗೆ ಜೋಡಿಸಿದೆ. ಪುಟ್ಟ ದೀಪಗಳು ಒಂದರ ಹಿಂದೆ ಒಂದು ಓಡತೊಡಗಿದವು. ಪಾಪ, ಈ ಚಳಿಯಲ್ಲಿ ಹೇಗೆ ದುಡಿಯಬೇಕು ಎಂದು ಎರಡನ್ನೂ ಸೇರಿಸಿ ನನ್ನ ಉಣ್ಣೆಯ ಮಂಕಿ ಕ್ಯಾಪಿನೊಳಗೆ ಮಲಗಿಸಿದೆ.

ಕಾಲು ಗಂಟೆಯಲ್ಲಿ ಟೋಪಿ ಬೆಚ್ಚಗಾಯಿತು.

ಬೇರೆ ಊರಿನವರಾದರೆ ಗಾಬರಿಯಾಗುತ್ತಿದ್ದರೇನೋ. ನಮ್ಮ ಊರಿನಲ್ಲಿ ಬೆಚ್ಚಗಿರುವ ಯಾವುದನ್ನೂ ಯಾರೂ ಅನುಮಾನಿಸುವುದಿಲ್ಲ, ತಬ್ಬಿಕೊಳ್ಳುತ್ತಾರೆ! ನಾನು ಕೆನ್ನೆಗೆ ಒತ್ತಿಕೊಂಡೆ. ಗೌರಿ ಅಂಗೈ ಕಾಯಿಸಿಕೊಂಡಳು. "ಇಲ್ಲಿ ಕೊಡ್ರಪ್ಪ ಒಂದ್ ಗಳಿಗೆ," ಎಂದು ಅತ್ತೆ ಇಸಿದುಕೊಂಡು, ಕಂಬಳಿಯೊಳಗೆ ಎಡ ಮೊಣಕಾಲಿನ ಮೇಲೆ ಇಟ್ಟುಕೊಂಡರು. "ಆಹಾ! ಡಾಕ್ಟರ್ ಕೊಟ್ಟ ಎಣ್ಣೆ ಏನೂ ಅಲ್ಲ."

ಆಗ ಪಕ್ಕದ ಮನೆಯ ಬೆಳ್ಳಿ ಅಣ್ಣ, ನೆಂಟರು ಬರುತ್ತಾರೆಂದು ಒಂದು ಹಿಡಿ ಕ್ಯಾರೆಟ್ ಕಿತ್ತು ತಂದರು. ಕುಂದಾ ಪವರ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಅವರ ಮುಂದೆ ಕರೆಂಟಿನ ವಿಷಯದಲ್ಲಿ ಜಂಭ ಕೊಚ್ಚುವ ಅವಕಾಶ ದಿನವೂ ಸಿಗುವುದಿಲ್ಲ. ಕಂಬಳಿ ಸರಿಸಿ ತೋರಿಸಿದೆ.

ಫೋನು ಕಪ್ಪಾಗಿತ್ತು. ಪವರ್ ಬ್ಯಾಂಕಿನ ದೀಪ ಇನ್ನೂ ಓಡುತ್ತಿತ್ತು.

"ಸಾರ್, ದೀಪ ಓಡಿದ್ರೆ ಅದು ಕುಡೀತಾ ಇದೆ ಅಂತ ಅರ್ಥ," ಎಂದರು ಬೆಳ್ಳಿ ಅಣ್ಣ. "ನಿಮ್ಮ ಪವರ್ ಬ್ಯಾಂಕ್ ಖಾಲಿ ಇತ್ತು. ಈ ವಯರಲ್ಲಿ ಕರೆಂಟ್ ಎರಡು ಕಡೆಗೂ ಹೋಗುತ್ತೆ. ನೀವು ಫೋನಿಂದ ಅದಕ್ಕೆ ಚಾರ್ಜ್ ಮಾಡಿದ್ದೀರಿ!"

ಇದ್ದ ಹತ್ತನ್ನೂ (ಗೌರಿ: ಇಪ್ಪತ್ತೈದನ್ನೂ!) ನಾನೇ ಕೈಯಾರೆ ಸುರಿದಿದ್ದೆ!

"ಹತ್ತೂವರೆ ಆಯ್ತು," ಎಂದರು ಅತ್ತೆ, ಮೆಲ್ಲಗೆ. "ಈಗ ಅವನು ಚೆಕ್‌ಪೋಸ್ಟ್‌ನಲ್ಲಿ ನಿಂತು ಫೋನ್ ಮಾಡ್ತಿರ್ತಾನೆ."

ಅದಕ್ಕೆ ಉತ್ತರ ಕೊಟ್ಟದ್ದು ಪವರ್ ಬ್ಯಾಂಕ್. ಮೊದಲು 'ಟಿಕ್' ಎಂದಿತು. ಆಮೇಲೆ 'ಸುಸ್ಸ್' ಎಂದಿತು. ಬಾಣಲೆಯ ಪೂರಿಯ ಹಾಗೆ ಊದಿಕೊಂಡಿತು, ಟೋಪಿಯಿಂದ ಹೊಗೆ ಬಂತು!

"ಆಚೆ ಎಸೀರಿ!" ಎಂದು ಬೆಳ್ಳಿ ಅಣ್ಣ ಕೂಗಿದರು.

ನನ್ನ ನೆನಪಿನ ಪ್ರಕಾರ, ಜೀವದ ಹಂಗು ತೊರೆದು ನಾನು ಅದನ್ನು ಕಿಟಕಿಯಿಂದ ಎಸೆದೆ. ಟೋಪಿ, ಬ್ಯಾಂಕು, ಕೇಬಲ್ಲಿಗೆ ಜೋತ ಫೋನು, ಎಲ್ಲವೂ ಬೆಳ್ಳಿ ಅಣ್ಣನ ಕ್ಯಾರೆಟ್ ಪಾತಿಗೆ ಬಿದ್ದವು. ಒಂದು ಮೊಳ ಉದ್ದದ ಬೆಂಕಿ ಎದ್ದಿತು. ಬಕೆಟ್ ಹಿಡಿದು ಹಿಂದೆಯೇ ಓಡಿದ ನನ್ನನ್ನು ಬೆಳ್ಳಿ ಅಣ್ಣ ಸ್ವೆಟರ್ ಹಿಡಿದು ಎಳೆದರು. "ಹತ್ತಿರ ಹೋಗಬೇಡಿ ಸಾರ್! ಸುತ್ತ ಏನೂ ಇಲ್ಲ, ಅದಾಗಿ ಉರಿದು ಸಾಯಲಿ!"

ಅದು ಸಾಯುವುದನ್ನೇ ಎಲ್ಲರೂ ನಿಂತು ನೋಡುತ್ತಿದ್ದಾಗ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಮಾದಪ್ಪ! ಕಾರಿಲ್ಲ. ತಲೆಗೆ ಮಫ್ಲರ್, ಹೆಗಲ ಮೇಲೆ ಅದೇ ತಾಮ್ರದ ಹಂಡೆ.

"ಕಾರು… ಪಾಸು…" ಎಂದು ತೊದಲಿದೆ.

"ಬಸ್ಸಲ್ಲಿ ಬಂದೆ. ಬಸ್ಸಿಗೆ ಯಾವ ಪಾಸೂ ಬೇಡ. ನಿಮ್ಮ ಫೋನ್ ನಂಬ್ಕೊಂಡು ಯಾರು ಹೊರಡ್ತಾರೆ, ಅಳಿಯಂದ್ರೆ?"

ಹಂಡೆ ಇಳಿಸಿ ಅಕ್ಕನ ಮುಂದೆ ನಿಂತರು. ಆಮೇಲೆ ಅವರು ಹೊಗೆಯ ಕಡೆ ಕೈ ತೋರಿಸಿ, "ಏನಕ್ಕಾ ಅದು?" ಎಂದರು.

"ನಮ್ಮ ಅಳಿಯಂದ್ರು ಫೋನ್ ಚಾರ್ಜ್ ಮಾಡಿದ್ದು."

ಆರು ವರ್ಷದ ಮೌನ ಮುರಿಯಿತು. ಊಟದವರೆಗೂ ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡು ನಕ್ಕರು. ವಿಷಯ ನಾನೊಬ್ಬನೇ.

ಇಷ್ಟನ್ನೂ ಬರೆದು ನಿನ್ನೆ ಗೌರಿಗೆ ಓದಿ ತೋರಿಸಿದೆ. ಕಿಟಕಿಯಿಂದ ಎಸೆದ ಜಾಗದಲ್ಲಿ ಕೈ ಎತ್ತಿ ತಡೆದಳು.

"ಎಸೆದದ್ದು ಅಮ್ಮ ರೀ."

"ಅವರಿಗೆ ಮೊಣಕಾಲು ನೋವಲ್ಲವಾ? ಏಳೋಕೇ ಆಗಲ್ಲ!"

"ಅವತ್ತು ಎದ್ರು. ನೀವು ಮಂಚದ ಮೇಲೆ ನಿಂತು 'ನನ್ನ ಟೋಪಿ, ನನ್ನ ಟೋಪಿ' ಅಂತಿದ್ರಿ."