ಒರಿಜಿನಲ್ ವೀರಭದ್ರ

ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ವೀರಭದ್ರನ ಕಷ್ಟಗಳೆಲ್ಲ ಶುರುವಾದದ್ದು ಅವನು ಒಂದು ವಾದದಲ್ಲಿ ಗೆದ್ದಿದ್ದರಿಂದ.

ವಾದ ನಡೆದದ್ದು ಫೇಸ್‌ಬುಕ್ಕಿನ ‘ಗಣಕ ಚಾವಡಿ’ ಎಂಬ ಗುಂಪಿನಲ್ಲಿ. ಲಗ್ನಪತ್ರಿಕೆ ಮಾಡುವವರು, ವಿಡಿಯೋ ಗೇಮ್ ಆಡುವವರು, ಏನೂ ಮಾಡದವರು ಎಲ್ಲ ಸೇರಿ ಅಲ್ಲಿ ಒಂಬತ್ತು ಸಾವಿರ ಜನ ಇದ್ದರು. ಸಾಫ್ಟ್‌ವೇರ್ ಕದ್ದು ಬಳಸುವುದು ತಪ್ಪೋ ಅಲ್ಲವೋ ಎಂದು ಯಾರೋ ಪುಣ್ಯಾತ್ಮರು ಕೇಳಿದ್ದರು. ಮೂರನೇ ದಿನಕ್ಕೆ ಚರ್ಚೆ ಗೇಮುಗಳಿಂದ ಮಕ್ಕಳು ಕೆಡುತ್ತಾರೋ ಇಲ್ಲವೋ ಎಂಬಲ್ಲಿಗೆ ಹೋಯಿತು. ಐದನೇ ದಿನಕ್ಕೆ ಇಂಟರ್ನೆಟ್ಟನ್ನು ಆಳಬೇಕಾದವರು ಸರಕಾರದವರೋ ಕಂಪನಿಯವರೋ ಬಳಸುವವರೋ ಎಂಬಲ್ಲಿಗೆ ಬಂದು, ಮಂದಿ ಒಬ್ಬರ ಮನೆತನವನ್ನು ಒಬ್ಬರು ಎತ್ತಾಡತೊಡಗಿದರು. ವೀರಭದ್ರ ಮಾತ್ರ ಮೊದಲ ಪ್ರಶ್ನೆಯನ್ನು ಬಿಟ್ಟು ಕದಲಲಿಲ್ಲ. ‘ಕಳವು ಅಂದರೆ ಕಳವು. ಬೆವರು ಸುರಿಸಿದವನ ಅನ್ನ ಕಸಿಯಬಾರದು’ ಎಂದು ದಿನಕ್ಕೆ ನಾಲ್ಕು ಸಲ ಬರೆದ. ಹಾಗೆ ಬರೆಯುವಾಗ, ಅವನು ಪತ್ರಿಕೆ ಮಾಡಲು ಬಳಸುತ್ತಿದ್ದ ‘ಚಿತ್ರಾಕ್ಷರ’ ಎಂಬ ಸಾಫ್ಟ್‌ವೇರು ಹದಿನಾಲ್ಕು ವರ್ಷಗಳಿಂದ ಕದ್ದದ್ದೇ ಆಗಿತ್ತು. ಅದು ಅವನಿಗೆ ನೆನಪಿರಲಿಲ್ಲ. ಅಂಗಡಿಯ ಗೋಡೆಯಂತೆ ಅದೂ ತನ್ನದೇ ಎಂದು ರೂಢಿಯಾಗಿಬಿಟ್ಟಿತ್ತು.

ನೆನಪು ಮಾಡಿದವನು ‘ನೇರನುಡಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಅನಾಮಧೇಯ. ‘ಸ್ವಾಮಿ, ನಿಮ್ಮದು ಒರಿಜಿನಲ್ಲೋ? ಇದ್ದರೆ ಫೋಟೋ ಹಾಕಿ’ ಎಂದು ಕೇಳಿದ.

ಒಂಬತ್ತು ಸಾವಿರ ಜನ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿದ್ದಾರೆ ಎಂದು ವೀರಭದ್ರನಿಗೆ ಅನಿಸಿತು. ಅದೇ ಮಧ್ಯಾಹ್ನ ಒಂದು ವರ್ಷದ ಪರವಾನಗಿ ಕೊಂಡ. ಹಳೆಯದನ್ನು ಅಳಿಸಿ ಹಾಕಿ, ಹೊಸ ಪರವಾನಗಿಯ ಚಿತ್ರವನ್ನು ಗುಂಪಿನಲ್ಲಿ ಹಾಕಿದ. ಸಾವಿರದಿನ್ನೂರು ಜನ ಮೆಚ್ಚಿದರು. ನೇರನುಡಿ ಬಾಯಿ ಮುಚ್ಚಿದ. ಚಿತ್ರದಲ್ಲಿ ತನ್ನ ಹೆಸರಿನ ಕೆಳಗೆ ಪರವಾನಗಿಯ ಹದಿನಾರು ಅಂಕಿಯ ನಂಬರೂ ಸ್ಪಷ್ಟವಾಗಿ ಮೂಡಿತ್ತು ಎಂಬುದು ಅವನಿಗೆ ತಿಳಿದದ್ದು ಮರುದಿನ ಮುಂಜಾನೆ.

ಅಂಗಡಿ ತೆರೆದು ಕಂಪ್ಯೂಟರ್ ಹಚ್ಚಿದರೆ ಚಿತ್ರಾಕ್ಷರ ತೆರೆಯಲಿಲ್ಲ. ‘ಈ ಪರವಾನಗಿ 117 ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದೆ. ಪರಿಶೀಲನೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ’ ಎಂಬ ಬರಹ ಬಂತು. ಅವನು ಅದನ್ನು ಮೂರನೇ ಸಲ ಓದುತ್ತಿದ್ದಾಗ ಎದುರಿನ ಝೆರಾಕ್ಸ್ ಅಂಗಡಿಯ ಸುಮನಬಾಯಿ ರಸ್ತೆ ದಾಟಿ ಬಂದಳು.

“ವೀರಭದ್ರಣ್ಣ, ನಿಮ್ಮ ನಂಬರ್ ಬಂದ್ ಆಗ್ಯದಲ್ಲ.”

“ನನ್ನ ನಂಬರ್ ನಿಮಗ ಹ್ಯಾಂಗ ಗೊತ್ತು?”

“ನೀವೇ ಹಾಕೀರಲ್ಲರಿ. ನಿನ್ನಿ ಸಂಜೀಕ ನಮ್ಮ ಹಳೇದು ತೆಗದು ನಿಮ್ಮದು ಹಾಕ್ಕೊಂಡೆ. ಒರಿಜಿನಲ್ ಅಂದ್ರ ಒರಿಜಿನಲ್ ನೋಡ್ರಿ, ಅಕ್ಷರ ಎಷ್ಟ್ ನುಣ್ಣಗ ಬರಾಕತ್ತಿದ್ವು. ಒಂದ್ ದಿನಕ್ಕ ನಿಂತ್ರ ಹ್ಯಾಂಗ? ಕಂಪನಿಯವರಿಗಿ ಜರಾ ಜೋರು ಮಾಡಿ ಕೇಳ್ರಿ. ರೊಕ್ಕ ಕೊಟ್ಟವರು ನೀವು.”

ವೀರಭದ್ರ ಫೋನು ತೆಗೆದ. ಗುಂಪಿನಲ್ಲಿ ಅವನಿಗೆ ನಮಸ್ಕಾರಗಳು ಸಾಲುಗಟ್ಟಿದ್ದವು. ಹೊಸಪೇಟೆಯ ಒಬ್ಬ, ‘ಅಣ್ಣಾ, ನಿಮ್ಮ ನಂಬರ್ ಬೆಳಗಿನವರೆಗೆ ಚೆನ್ನಾಗಿತ್ತು, ಬೇರೆ ಇದ್ದರೆ ಹಾಕಿ’ ಎಂದು ಬರೆದಿದ್ದ. ಇನ್ನೊಬ್ಬ, ಇಂಟರ್ನೆಟ್ಟು ಯಾರಪ್ಪನ ಆಸ್ತಿಯೂ ಅಲ್ಲವೆಂದು ತೋರಿಸಿಕೊಟ್ಟ ಧೀರ ಎಂದು ಅವನನ್ನು ಹೊಗಳಿದ್ದ. ಅವನು ವಾದಿಸಿದ್ದು ಅದರ ವಿರುದ್ಧ. ಎಲ್ಲಕ್ಕಿಂತ ಮೇಲೆ ನೇರನುಡಿಯ ಹೊಸ ಪ್ರಶ್ನೆ ಇತ್ತು: ‘ಕದ್ದವರು ನೂರಾ ಹದಿನಾರು. ಬಾಗಿಲು ತೆರೆದಿಟ್ಟವನು ಒಬ್ಬ. ದೊಡ್ಡ ಅಪರಾಧಿ ಯಾರು? ಚರ್ಚಿಸಿ.’ ಮುನ್ನೂರು ಜನ ಆಗಲೇ ಚರ್ಚಿಸಿದ್ದರು. ಬಹುಮತ ವೀರಭದ್ರನ ಕಡೆ ಇರಲಿಲ್ಲ.

ಅಷ್ಟರಲ್ಲಿ ನಾರಾಯಣಪುರದ ಭೀಮಶಾ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಮಗಳ ಲಗ್ನಪತ್ರಿಕೆ ಅಂದೇ ಆಗಬೇಕಿತ್ತು.

“ನಾಕಕ್ಕ ನಮ್ಮ ಮಂದಿ ಪತ್ರಿಕಿ ಹಂಚಾಕ ಹೊಂಟಾರ. ಅಷ್ಟರಾಗ ಕೊಡ್ರಿ. ಹಾಂ, ಸುಖಾಗಮನ ಬಯಸುವವರಲ್ಲಿ ಗೋರ್ಟಾದ ಕಾಕಾನ ಹೆಸರು ಸೇರಸ್ರಿ. ಅವರು ಸಿಟ್ಟಿಗಿ ಬಂದಾರ.”

“ಕಂಪ್ಯೂಟರ್ ಜರಾ ತಕರಾರ್ ಮಾಡಾಕತ್ತದ.”

“ಕಾಕಾನಕಿಂತ ಜಾಸ್ತಿ ಏನಿಲ್ಲ ಬಿಡ್ರಿ” ಎಂದು ಭೀಮಶಾ ಇದ್ದ ಒಂದೇ ಕುರ್ಚಿಯಲ್ಲಿ ಕಾಲು ಮಡಿಸಿ ಕುಳಿತ.

ವೀರಭದ್ರ ಪುಣೆಯ ಕಂಪನಿಗೆ ಫೋನು ಹಚ್ಚಿದ. ಒರಿಜಿನಲ್ ಸಾಫ್ಟ್‌ವೇರ್ ಬಳಸುತ್ತಿರುವುದಕ್ಕೆ ಧನ್ಯವಾದ ಎಂದು ಒಂದು ಹೆಣ್ಣುದನಿ ಇಪ್ಪತ್ಮೂರು ನಿಮಿಷ ಹೇಳಿತು. ಕೊನೆಗೆ ಜೀವವಿರುವ ಒಬ್ಬರು ಸಿಕ್ಕು, ತಮ್ಮ ಪ್ರತಿನಿಧಿ ಇವತ್ತು ಹುಮನಾಬಾದಿನಲ್ಲೇ ಇದ್ದಾರೆ, ನಾಲ್ಕು ಗಂಟೆಗೆ ಬಸವಕಲ್ಯಾಣಕ್ಕೆ ಬಂದು ಪರಿಶೀಲನೆ ಮಾಡುತ್ತಾರೆ ಎಂದರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಂಬರ್ ಕದ್ದವರನ್ನು ಸ್ವಲ್ಪ ಹೆದರಿಸೋಣ ಎಂದು ವೀರಭದ್ರ ಗುಂಪಿನಲ್ಲಿ ಬರೆದ: ‘ಕಂಪನಿಯವರು ಹುಮನಾಬಾದಿಗೆ ಬಂದಿದ್ದಾರೆ. ನಾಲ್ಕಕ್ಕೆ ನನ್ನ ಅಂಗಡಿಯಲ್ಲಿ ಪರಿಶೀಲನೆ. ನನ್ನ ನಂಬರ್ ಹಾಕಿಕೊಂಡವರು ಮರ್ಯಾದೆಯಿಂದ ತೆಗೆಯಿರಿ.’

ಐದು ನಿಮಿಷದೊಳಗೆ ಹುಮನಾಬಾದಿನ ಶಾಹಿದನ ಫೋನು ಬಂತು. ಶಾಹಿದ್ ಬಸ್‌ಸ್ಟ್ಯಾಂಡಿನ ಹಿಂದೆ ಗೇಮ್ ಸೆಂಟರ್ ನಡೆಸುತ್ತಿದ್ದ. ಅಲ್ಲಿನ ಕಂಪ್ಯೂಟರುಗಳಲ್ಲಿ ಕರೆಂಟು ಬಿಟ್ಟರೆ ಕೊಂಡು ತಂದದ್ದು ಏನೂ ಇರಲಿಲ್ಲ.

“ಭಾಯ್, ಏನ್ ಮಾಡೀರಿ ನೀವು? ಇಷ್ಟು ವರ್ಷ ಆ ಕಂಪನಿಯವರಿಗಿ ನಮ್ಮ ಜಿಲ್ಲಾ ಅಂಬೋದು ಒಂದು ಅದ ಅಂತನೇ ಗೊತ್ತಿದ್ದಿಲ್ಲ. ನೀವು ಅಡ್ರೆಸ್ ಕೊಟ್ಟು ಕರ್ಸೀರಿ.”

“ನಾನು ಕರ್ಸಿಲ್ಲ, ಶಾಹಿದ್. ನಾನು ಒಂದು ಸಾಫ್ಟ್‌ವೇರ್ ಕೊಂಡೆ, ಅಷ್ಟೇ.”

“ಅದೇ ಅನ್ನಾಕತ್ತೀನಿ. ಯಾಕ ಕೊಂಡ್ರಿ?”

ವೀರಭದ್ರ ಫೋನು ಕೆಳಗಿಟ್ಟ.

ಒಂದು ಗಂಟೆಗೆ ಅಂಗಡಿ ಮುಂದೆ ಟಂಟಂ ಆಟೋ ಬಂದು ನಿಂತಿತು. ಶಾಹಿದ್ ಇಳಿದ. ಅವನ ಹಿಂದೆ ಏಳು ಸಿಪಿಯು ಡಬ್ಬಿಗಳು ಕೌದಿಯಲ್ಲಿ ಸುತ್ತಿಕೊಂಡು ಕೂಸುಗಳಂತೆ ಇಳಿದವು. ಒಂದರ ಮೇಲೆ ಬೆಂಕಿ ಉಗುಳುವ ಹಾವಿನ ಚಿತ್ರ ಇತ್ತು.

“ಇವು ಇಲ್ಲಿ ಯಾಕ?” ಎಂದ ವೀರಭದ್ರ.

“ಜಿಲ್ಲಾದಾಗ ಒರಿಜಿನಲ್ ಅಂಗಡಿ ಇದೊಂದೇ. ಇಲ್ಲಿ ಯಾರು ಹುಡುಕ್ತಾರ್ರಿ?”

ಈ ತರ್ಕ ಊರಿಗೆಲ್ಲ ಹಿಡಿಸಿಬಿಟ್ಟಿತು. ಫ್ಲೆಕ್ಸ್ ಮುದ್ರಿಸುವ ಕಾಸಿಂ ಎರಡು ಡಬ್ಬಿ ತಂದಿಟ್ಟ. ಸುಮನಬಾಯಿ ತನ್ನದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟಿಸಿದಳು. ಎರಡೂವರೆಗೆ ಅಂಗಡಿಯಲ್ಲಿ ಇಪ್ಪತ್ತೊಂದು ಡಬ್ಬಿ ಆಗಿ, ಭೀಮಶಾ ಕಾಲು ಇಳಿಬಿಡಲು ಜಾಗವಿಲ್ಲದೆ ಕುರ್ಚಿಯಲ್ಲಿ ದೇವರಂತೆ ಕುಳಿತಿದ್ದ. ಯಾವನೋ ಯುವನಾಯಕನ ಹುಟ್ಟುಹಬ್ಬದ ಫ್ಲೆಕ್ಸನ್ನು ತಂದು ಕಾಸಿಂ ರಾಶಿಯ ಮೇಲೆ ಹೊದಿಸಿದ. ನಾಯಕ ಬೆಟ್ಟದ ಮೇಲೆ ಮಲಗಿ ಕೈಮುಗಿದ ಹಾಗೆ ಕಂಡ.

“ಪತ್ರಿಕಿ” ಎಂದ ಭೀಮಶಾ. “ಇನ್ನೊಂದು ಹೆಸರು ಅದ. ಹಳ್ಳಿಖೇಡದ ಮಾವ ಈಗ ಫೋನ್ ಮಾಡಿದ್ದ.”

“ನಂಬರ್ ಬಂದ್ ಅದ, ಭೀಮಶಾ. ಕಂಪನಿಯವರು ಬಂದ ಮ್ಯಾಲೆ ಆಗ್ತದ.”

“ನನ್ನ ಮಗಳ ಲಗ್ನಕ್ಕೂ ಕಂಪನಿಗೂ ಏನ್ ಸಂಬಂಧ? ನಾಕು ಆಯ್ತಂದ್ರ ಮಂದಿ ಖಾಲಿ ಕೈಲೆ ಹೋಗಬೇಕೇನು?” ಅವನ ದನಿ ತಗ್ಗಿತು. “ಬೀಗರು ಮೊದಲೇ ಮೂಗಿನ ತುದೀ ಮ್ಯಾಲೆ ಸಿಟ್ಟು ಇಟ್ಕೊಂಡಾರ, ವೀರಭದ್ರ. ಪತ್ರಿಕಿ ತಡ ಆಯ್ತಂದ್ರ ಅದೊಂದು ನೆವ ಸಾಕು ಅವರಿಗಿ.”

ಶಾಹಿದ್ ಕಿಸೆಯಿಂದ ಪೆನ್‌ಡ್ರೈವ್ ತೆಗೆದ. “ಐದು ನಿಮಿಷದ ಕೆಲ್ಸ, ಭಾಯ್. ಕ್ರ್ಯಾಕ್ ಮಾಡಿದ್ದು ಅದ, ನಂಬರ್ ಕೇಳಂಗಿಲ್ಲ. ಪತ್ರಿಕಿ ಆದ ಕೂಡ್ಲೇ ತೆಗಿಯೂಣ.”

ಬೇಡ ಎಂದು ವೀರಭದ್ರ ಮೂರು ಸಲ ಹೇಳಿದ. ಮೂರನೆಯದು ಅವನಿಗೇ ಕೇಳಿಸಲಿಲ್ಲ. ಭೀಮಶಾನ ಮುಖ ನೋಡಿದ, ಗಡಿಯಾರ ನೋಡಿದ, ಪಕ್ಕಕ್ಕೆ ಸರಿದು ಶಾಹಿದನಿಗೆ ಜಾಗ ಬಿಟ್ಟ. ಚಿತ್ರಾಕ್ಷರ ತೆರೆದುಕೊಂಡಿತು. ಮೇಲ್ತುದಿಯಲ್ಲಿ ಅಂಗೈಯಗಲದ ಒಂದು ತಲೆಬುರುಡೆ ಹಲ್ಲು ಕಿರಿದು, ಬೀಗ ಮುರಿದು ತನ್ನನ್ನು ಬಿಡುಗಡೆ ಮಾಡಿದವನ ಹೆಸರು ಹೇಳುತ್ತಿತ್ತು. ಒಂದು ತಾಸಿನಲ್ಲಿ ಕಾಕಾ, ಮಾವ, ಮತ್ತೆ ನೆನಪಾದ ಇಬ್ಬರು ಸೋದರರು ಎಲ್ಲರೂ ಸೇರಿ ಪತ್ರಿಕೆ ಮುದ್ರಣವಾಯಿತು. ಭೀಮಶಾ ಬಿಸಿಬಿಸಿ ಕಟ್ಟು ಎದೆಗವಚಿಕೊಂಡು ಡಬ್ಬಿ ದಾಟಿ ಹೊರಟ.

“ಈಗ ತೆಗಿ ಅದನ್ನ” ಎಂದು ವೀರಭದ್ರ ಶಾಹಿದನಿಗೆ ಹೇಳುತ್ತಿದ್ದ ಹೊತ್ತಿಗೆ ಬಾಗಿಲಲ್ಲಿ ಒಬ್ಬ ತರುಣಿ ನಿಂತಿದ್ದಳು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಕೈಯಲ್ಲಿ ದೊಡ್ಡ ಚೀಲ. ವೀರಭದ್ರ ಕೈಗೆ ಸಿಕ್ಕ ಟಾವೆಲನ್ನು ಪರದೆಯ ಮೇಲೆ ಎಸೆದ.

“ನಾನು ಶೀತಲ್ ರಿ, ಸೋಲಾಪುರದಾಕಿ. ವೀರಭದ್ರ ಅಂದ್ರ ನೀವೇನು? ಹುಮನಾಬಾದನಾಗ ಒಬ್ಬರೂ ಸಿಗಲಿಲ್ರಿ. ಕಂಪ್ಯೂಟರ್ ಅಂಗಡಿ ಎಲ್ಲಾ ಬಂದ್. ಇಡೀ ಬಜಾರದವರು ಒಂದೇ ಲಗ್ನಕ್ಕ ಹೋಗ್ಯಾರಂತ.” ಅವಳ ಕಣ್ಣು ಫ್ಲೆಕ್ಸಿನ ಬೆಟ್ಟದ ಮೇಲೆ ಹೋಯಿತು. ಅಂಚಿನಲ್ಲಿ ಬೆಂಕಿ ಉಗುಳುವ ಹಾವು ಇಣುಕುತ್ತಿತ್ತು. “ಇಷ್ಟೂ ನಿಮ್ಮವೇನ್ರಿ?”

“ರಿಪೇರಿಗಿ ಬಂದಾವ” ಎಂದಳು ಸುಮನಬಾಯಿ.

“ಎಲ್ಲಾ ಇವತ್ತೇ?”

“ಸಿಡ್ಲು ಬಡದದ್ರಿ” ಎಂದ ಶಾಹಿದ್. ಹೊರಗೆ ಬಿಸಿಲು ರಸ್ತೆಯ ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು.

ವೀರಭದ್ರ ಟಾವೆಲಿನ ಅಂಚು ಸರಿಮಾಡಿದ. ಮುಂದಿನ ಮಾತು ಪೊಲೀಸ್ ಠಾಣೆಯದೇ ಎಂದು ಅವನು ಖಚಿತ ಮಾಡಿಕೊಂಡಿದ್ದ. ಆದರೆ ಶೀತಲ್ ಚೀಲದಿಂದ ತೆಗೆದದ್ದು ಶಾಲು, ಒಂದು ಪ್ರಶಸ್ತಿಪತ್ರ.

“ಈ ಜಿಲ್ಲಾದಾಗ ನಮ್ಮ ಮೊದಲನೇ ಗಿರಾಕಿ ನೀವು. ಆ ನೂರಾ ಹದಿನಾರು ಮಂದಿ ಬಗ್ಗೆ ಚಿಂತಿ ಮಾಡಬ್ಯಾಡ್ರಿ. ಸಾಹೇಬರು ಖುಷ್ ಆಗ್ಯಾರ. ಅವರಿಗೆಲ್ಲಾ ಒಂದು ತಿಂಗಳು ನಿಮ್ಮ ನಂಬರ್ ಮ್ಯಾಲೇ ಮುಫತ್ ನಡಸಾಕ ಬಿಟ್ಟು, ರುಚಿ ಹತ್ತಿದ ಮ್ಯಾಲೆ ಮಾರೂದು. ಅವರು ಕಳ್ಳರಲ್ಲರಿ, ಅವರು ನನ್ನ ಟಾರ್ಗೆಟ್.” ಅಲ್ಲೇ ಪುಣೆಗೆ ಫೋನು ಮಾಡಿ ನಂಬರನ್ನು ಚಾಲೂ ಮಾಡಿಸಿದಳು. ಕಾಸಿಂ ಚಪ್ಪಾಳೆ ಹೊಡೆದ.

“ಈಗ ಒಂದು ಫೋಟೋ. ಕಂಪ್ಯೂಟರ್ ಮುಂದ ನಿಂದರ್ರಿ.”

ವೀರಭದ್ರ ಶಾಲು ಹೊದ್ದು ಪರದೆಗೆ ಬೆನ್ನು ಅಂಟಿಸಿ ನಿಂತ. ಶೀತಲ್ ಜರಾ ಎಡಕ್ಕೆ ಎಂದಳು. ಇನ್ನೂ ಜರಾ ಎಡಕ್ಕೆ, ಅಂಗಡಿಯ ಹೆಸರು ಕಾಣಬೇಕು ಎಂದಳು.

“ಒಂದ್ ನಿಮಿಷ ತಡೀರಿ” ಎಂದು ಸುಮನಬಾಯಿ ಮುಂದೆ ಬಂದಳು. “ಹೊಲಸು ಟಾವೆಲ್ ಫೋಟೋದಾಗ ಛಂದ ಕಾಣಂಗಿಲ್ಲ.” ಅವನ ಬೆನ್ನ ಹಿಂದೆ ಕೈ ಹಾಕಿ ಟಾವೆಲ್ ಎಳೆದುಕೊಂಡಳು. ಫೋನು ಕ್ಲಿಕ್ಕೆಂದಿತು. ಶಾಹಿದ್ ಕಣ್ಣು ಮುಚ್ಚಿಕೊಂಡ.

ಶೀತಲ್ ಏನನ್ನೂ ಗಮನಿಸಲಿಲ್ಲ. ಫೋಟೋವನ್ನು ಗಣಕ ಚಾವಡಿಗೆ ಹಾಕಿ, ಚಹಾ ಕುಡಿದು, ಹೆದ್ದಾರಿಯ ಸಸ್ತಾಪುರ ಬಂಗ್ಲಾ ನಿಲ್ದಾಣದಲ್ಲಿ ಸೋಲಾಪುರದ ಬಸ್ಸು ಹಿಡಿಯಲು ಹೊರಟಳು. ಅವಳ ಆಟೋ ತಿರುವು ದಾಟಿದ್ದೇ ತಡ, ಎಲ್ಲರೂ ತಮ್ಮ ತಮ್ಮ ಡಬ್ಬಿ ಹೊತ್ತುಕೊಂಡು ಖುಷಿಯಿಂದ ಮನೆ ಸೇರಿದರು. ಶಾಹಿದ್ ಕ್ರ್ಯಾಕ್ ಅಳಿಸಿಕೊಟ್ಟು ಟಂಟಂ ಹತ್ತಿದ. ವೀರಭದ್ರ ಶಾಲು ಮಡಚಿಟ್ಟು ಅಂದಿನ ಮೊದಲ ನೆಮ್ಮದಿಯ ಉಸಿರು ಬಿಟ್ಟ.

ಆಗ ನೇರನುಡಿ ಬರೆದ. ಫೋಟೋದ ಒಂದು ಮೂಲೆಯನ್ನಷ್ಟೇ ದೊಡ್ಡದು ಮಾಡಿ ಹಾಕಿದ್ದ. ಪ್ರಶಸ್ತಿಪತ್ರ ಹಿಡಿದವನ ಹೆಗಲ ಮೇಲಿನಿಂದ ತಲೆಬುರುಡೆ ಹಲ್ಲು ಕಿರಿಯುತ್ತಿತ್ತು. ಕೆಳಗೆ ಕಂಪನಿಯನ್ನು ಟ್ಯಾಗ್ ಮಾಡಿ, ‘ಅಭಿನಂದನೆಗಳು’ ಎಂದಷ್ಟೇ ಬರೆದಿದ್ದ. ಒಂಬತ್ತು ಸಾವಿರ ಜನರೂ ಈ ಸಲ ನಿಜವಾಗಿಯೂ ನೋಡಿದರು.

ಅರ್ಧ ತಾಸಿನಲ್ಲಿ ಶೀತಲ್ ಬಸ್ಸಿನಿಂದ ಫೋನು ಮಾಡಿದಳು. ಗಾಳಿಯಲ್ಲಿ ಅವಳ ದನಿ ಹರಿದು ಬರುತ್ತಿತ್ತು.

“ಸರ್, ನೀವೂ ಹಿಂಗ ಮಾಡಿದ್ರ ಹ್ಯಾಂಗ್ರಿ? ಸಾಹೇಬರು ಸಿಟ್ಟಿಗಿ ಬಂದಾರ. ನಿಮ್ಮ ಕಂಪ್ಯೂಟರ್ ಬಂದ್ ಮಾಡಿಸ್ಯಾರ. ಅದರಾಗ ಇನ್ನೊಂದು ವರ್ಷ ಚಿತ್ರಾಕ್ಷರ ನಡ್ಯಾಂಗಿಲ್ಲ.”

“ಮತ್ತ ನಾನು ರೊಕ್ಕ ಕೊಟ್ಟ ಲೈಸೆನ್ಸ್?”

“ಅದಕ್ಕೇನೂ ಆಗಿಲ್ರಿ. ಚಾಲೂ ಅದ. ನಿಮ್ಮ ಮಷಿನ್ ಒಂದು ಬಿಟ್ಟು ಎಲ್ಲಾ ಕಡೆ ನಡೀತದ.”

ವೀರಭದ್ರ ಫೋನು ಇಟ್ಟು ಕತ್ತಲಾದ ಪರದೆಯನ್ನು ನೋಡುತ್ತ ಕುಳಿತ. ಉರ್ದು ಶಾಲೆಯ ಲತೀಫಾ ಟೀಚರ್ ಒಳಗೆ ಬಂದು, ನಾಳೆಯ ಆಟೋಟದ ಬಹುಮಾನಕ್ಕೆ ನಲವತ್ತು ಪ್ರಮಾಣಪತ್ರ ಬೇಕು, ಈಗಲೇ ಆಗಬೇಕು ಎಂದರು. ಅವನು ಆಗದು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎದುರು ಅಂಗಡಿಯಿಂದ ಸುಮನಬಾಯಿ ಕೈ ಬೀಸಿ ಕರೆದಳು.

“ಯಾಕ ಸುಮ್ನ ಕುಂತೀರಿ, ವೀರಭದ್ರಣ್ಣ? ಇಲ್ಲಿ ಬಂದು ಮಾಡ್ಕೋರಿ. ನಿಮ್ಮ ನಂಬರ್ ನಮ್ಮಲ್ಲಿ ಭಾಳ ಚಲೋ ನಡದದ.”

ವೀರಭದ್ರ ತನ್ನ ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು, ಟೀಚರನ್ನು ಕರೆದುಕೊಂಡು ರಸ್ತೆ ದಾಟಿದ.

“ಚಪ್ಪಲಿ ಹೊರಗ ಬಿಡ್ರಿ” ಎಂದಳು ಸುಮನಬಾಯಿ. “ಮತ್ತ ಜರಾ ಜಲ್ದಿ ಮುಗಸ್ರಿ. ಕಾಸಿಂನ ಡಬ್ಬಿ ಹೊತ್ತಾಡಿ ಕೆಟ್ಟದಂತ, ಅವನೂ ಇದರ ಮ್ಯಾಲೇ ಮಾಡೂದು ಅದ ಅಂದಾನ. ಅವನು ನಿಮಗಿಂತ ಮೊದಲು ಹೇಳ್ಯಾನ.”