ಬಲಪುಟದ ಇಬ್ಬರು ವಾರಸುದಾರರು

‘ಇಬ್ಬರಿಗೆ ಸುಲಭವಾದ ಸಣ್ಣ ಶಾಸ್ತ್ರೀಯ ಯುಗಳಗಳು’ ಸಂಕಲನದ ಸಂಪಾದಕರಿಗೆ.

ಮಾನ್ಯರೇ,

ಒಂದೇ ಪಿಯಾನೋದ ಮುಂದೆ ಇಬ್ಬರನ್ನು ಕೂರಿಸಿದರೂ ಕುಟುಂಬಗಳು ಒಡೆಯುವುದಿಲ್ಲವೆಂದು ಬಲವಾಗಿ ನಂಬಿರುವ ತಮ್ಮಂಥ ಆಶಾವಾದಿಗಳಿಗೆ ಹಲ್ಲಿನ ಡಾಕ್ಟರನೊಬ್ಬನ ಸವಿನಯ ನಮಸ್ಕಾರಗಳು. ಜನ ನನ್ನ ಬಾಗಿಲಿಗೆ ನೋವು ಹೊತ್ತು ಬರುವುದು ವಾಡಿಕೆ. ಈ ಸಲ ನಾನೇ ತಮ್ಮ ಬಾಗಿಲಿಗೆ ಬಂದಿದ್ದೇನೆ, ಬಾಯಿ ತೆರೆದುಕೊಂಡೇ.

ನನ್ನ ಅಕ್ಕ ಪ್ರಾಥಮಿಕ ಶಾಲೆಯೊಂದರ ಸಂಗೀತದ ಟೀಚರ್. ಅಲ್ಲಿನ ಪಿಯಾನೋ ಮಾರಿ ಆ ಜಾಗದಲ್ಲಿ ಜೆರಾಕ್ಸ್ ಯಂತ್ರವಿಡಲು ಹೊರಟಿದ್ದ ಮುಖ್ಯೋಪಾಧ್ಯಾಯಿನಿಯವರು, ಅಕ್ಕನ ಸಪ್ಪೆ ಮುಖ ನೋಡಲಾರದೆ, ಪೋಷಕರ ಸಭೆಯಲ್ಲಿ ಒಂದು ಚಿಕ್ಕ ಯುಗಳ ನುಡಿಸಿ, ಅದರಿಂದ ಮಕ್ಕಳಿಗೆ ಏನಾದರೂ ಉಪಯೋಗ ಕಂಡರೆ ಪಿಯಾನೋ ಉಳಿಯಲಿ ಎಂದರು. ಅಕ್ಕನ ಜೊತೆ ಕೂರಬೇಕಿದ್ದ ಸಹೋದ್ಯೋಗಿಗೆ ವರ್ಗವಾಯಿತು. ಬಾಲ್ಯದಲ್ಲಿ ಒಂದಿಷ್ಟು ಪಿಯಾನೋ ಕಲಿತು, ಉಳಿದ ಆಯುಷ್ಯವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ ನನ್ನ ಜಂಬ ನನ್ನ ಕೊರಳಿಗೇ ಬಿತ್ತು.

ತಮ್ಮ ಪುಸ್ತಕ ಬಿಚ್ಚಿದೆವು. ತಾವು ಕೃಪೆಯಿಂದ ‘ಸುಲಭ’ ಎಂದು ನಮೂದಿಸಿದ ಕವಾಯತಿನ ಗತ್ತಿನ ತುಣುಕು ನಮ್ಮಿಬ್ಬರನ್ನೂ ಹಿಂದೆ ಬಿಟ್ಟು ತಾನೊಂದೇ ಮುಂದೆ ಹೋಯಿತು. ‘ಅತಿ ಚಿಕ್ಕದು’ ಎಂದ ಇನ್ನೊಂದರಲ್ಲಿ ಸಾಲುಸಾಲಿಗೂ ಮತ್ತೆ ಮೊದಲಿಂದ ನುಡಿಸಿರೆನ್ನುವ ಚುಕ್ಕೆಗಳಿದ್ದು, ಅದು ನಮ್ಮ ಮಾವನವರ ಭಾಷಣದಂತೆ, ಮುಗಿಸುತ್ತೇನೆ ಮುಗಿಸುತ್ತೇನೆ ಎನ್ನುತ್ತಲೇ ಮುಂದುವರಿಯಿತು. ಜೋಗುಳವೊಂದರಲ್ಲಿ ನನ್ನ ಕೈ ಅಕ್ಕನ ಕೈಯ ಕೆಳಗೆ ನುಸುಳಬೇಕಿತ್ತು. ನುಸುಳಿ, ಅಂಗಿಯ ಗುಂಡಿ ಅವಳ ವಾಚಿನ ಪಟ್ಟಿಗೆ ಸಿಕ್ಕಿ, ಮಲಗಬೇಕಿದ್ದ ಮಗುವಿನ ಬದಲು ಪಕ್ಕದ ಮನೆಯವರು ಎದ್ದರು. “ಲೋ, ಪಿಯಾನೋ ಕಣೋ ಇದು, ದವಡೆ ಹಲ್ಲಲ್ಲ, ಹಾಗೆ ಅದುಮಬೇಡ” ಎಂದು ಅಕ್ಕ. “ಸ್ವಲ್ಪ ಆ ಕಡೆ ಸರಿ ಅಕ್ಕ, ನಾನು ಅರ್ಧ ಗಾಳೀಲಿ ಕೂತಿದ್ದೀನಿ” ಎಂದು ನಾನು.

ಕೊನೆಗೆ ಒಂದು ಕುಣಿತದ ತುಣುಕನ್ನು, ತಪ್ಪಿದರೂ ಬೇಗ ಮುಗಿಯುತ್ತದೆ ಎಂಬ ಶುದ್ಧ ಕಲಾತ್ಮಕ ಕಾರಣಕ್ಕಾಗಿ ಆರಿಸಿದೆವು. ಎಡಪುಟ ಕೆಳಸ್ವರದವರಿಗೆ, ಬಲಪುಟ ಮೇಲುಸ್ವರದವರಿಗೆ ಎಂದು ತಾವು ಪಾಲು ಮಾಡಿದ್ದೀರಿ. ಮಟ್ಟೆಲ್ಲ ಬಲಪುಟಕ್ಕೆ, ಎಡಪುಟಕ್ಕೆ ಬರೀ ಡುಂ ಡುಂ. ಆಸ್ತಿ ಪಾಲಿನಲ್ಲೂ ಇಷ್ಟು ಅನ್ಯಾಯ ಕಂಡಿಲ್ಲ. ಎರಡು ಪ್ರತಿ ಕೊಂಡು ನಮ್ಮ ನಮ್ಮ ಮನೆಯಲ್ಲೇ ಅಭ್ಯಾಸ ಮಾಡಿದೆವು. ತುಕ್ಕು ಹಿಡಿದ ನನ್ನ ಕೈಗೆ ಡುಂ ಡುಂ ಸಾಕೆಂದು ಅಕ್ಕ, ಜವಾಬ್ದಾರಿಯ ಕೆಳಭಾಗ ಟೀಚರಿಗೇ ಸೇರಿದ್ದೆಂದು ನಾನು, ಇಬ್ಬರೂ ಬಲಪುಟವನ್ನೇ ಕಲಿತೆವು. ಕೇಳಿದರೆ ಅದು ಕೈತಪ್ಪೀತೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ.

ಸಭೆಯ ದಿನ ಅಕ್ಕ ಬೆಂಚಿನ ಬಲತುದಿ ಹಿಡಿದಳು. ಎಡಕ್ಕೆ ಕೂತ ಮಾತ್ರಕ್ಕೆ ಕಲಿತದ್ದನ್ನು ಬಿಡಲಾದೀತೇ? ನಾಲ್ಕೂ ಕೈಗಳು ಒಂದೇ ಜಾಗಕ್ಕೆ ಇಳಿದವು. “ಕೆಳಗೆ ಹೋಗೋ!” ಎಂದು ಅಕ್ಕ ಹಲ್ಲು ಕಡಿದು ಪಿಸುಗುಟ್ಟಿದ್ದು ಕೊನೆಯ ಸಾಲಿಗೂ ಕೇಳಿತು. ಎಡಪುಟದ ಮುಖವನ್ನೇ ನೋಡಿರದ ನಾನು ಕೆಳಗೆ ಸಿಕ್ಕ ಎರಡು ಕೀಗಳನ್ನು ಕೊನೆತನಕ ಡುಂ ಡುಂ ಎನ್ನಿಸಿದೆ. ಮುಗಿದಾಗ ಅಕ್ಕ ಪಿಯಾನೋದ ಮೇಲೆ ಕೈಯಿಟ್ಟು, ಅದನ್ನು ಒಯ್ಯುವ ಲಾರಿ ಬಾಗಿಲಿಗೆ ಬಂದೇ ಬಿಟ್ಟಿತೆಂಬಂತೆ ತಲೆ ತಗ್ಗಿಸಿ ನಿಂತಳು.

ಆಗ ಮುಂದಿನ ಸಾಲಿನ ಮಕ್ಕಳು, “ಮಿಸ್, ಇಷ್ಟೇನಾ? ಇದು ನಮಗೂ ಬರುತ್ತೆ!” ಎಂದು ಎದ್ದರು. ಚೆನ್ನಾಗಿ ನುಡಿಸುವವರನ್ನು ಕಂಡು ಇಷ್ಟು ದಿನ ದೂರವೇ ಕೂರುತ್ತಿದ್ದವರು, ನನ್ನನ್ನು ಕಂಡು ಧೈರ್ಯ ತಂದುಕೊಂಡು, ಜೋಡಿ ಜೋಡಿಯಾಗಿ ಬೆಂಚಿಗೆ ಸಾಲುಗಟ್ಟಿದರು. ಮುಖ್ಯೋಪಾಧ್ಯಾಯಿನಿಯವರು ಅಕ್ಕನಿಗೆ, “ಉಪಯೋಗ ಆಯ್ತಲ್ಲ ಬಿಡಿ. ಪಿಯಾನೋ ಇಲ್ಲೇ ಇರಲಿ. ನಿಮ್ಮ ತಮ್ಮ ಮಾತ್ರ ಮನೇಲಿರಲಿ” ಎಂದರು.

ಆದಕಾರಣ, ಮುಂದಿನ ಮುದ್ರಣದಲ್ಲಿ ಎರಡೂ ಪುಟಗಳು ಬಲಪುಟವೇ ಆಗುವಂತೆ ಪುಸ್ತಕ ಹೊಲಿಸಬೇಕಾಗಿಯೂ, ‘ಸುಲಭ’ ಎಂದಿರುವಲ್ಲೆಲ್ಲ ಯಾರಿಗೆ ಎಂಬುದನ್ನು ಸೇರಿಸಬೇಕಾಗಿಯೂ, ಪ್ರತಿಯೊಂದರ ಜೊತೆ ಮೊಣಕೈ ಇಲ್ಲದ ಒಬ್ಬ ಅಕ್ಕನನ್ನು ಉಚಿತವಾಗಿ ಕಳುಹಿಸಬೇಕಾಗಿಯೂ ಕೋರುವ,

ಇಷ್ಟಾದರೂ ತಮ್ಮ ವಿಶ್ವಾಸಿ,
ಡುಂ ಡುಂ ಡಾಕ್ಟರ್
(ಈಗ ಶಾಲೆಯ ಮಕ್ಕಳೆಲ್ಲ ಹೀಗೇ ಕರೆಯುತ್ತಾರೆ)

ಮರೆತ ಮಾತು: ಹಿಂಬದಿ ರಕ್ಷಾಪುಟದ ಭಾವಚಿತ್ರದಲ್ಲಿ ತಾವು ಪಿಯಾನೋದ ಮುಂದೆ ಒಬ್ಬರೇ ಕುಳಿತಿದ್ದೀರಿ. ಕಾರಣ ಕೇಳುವುದಿಲ್ಲ.