ಕಡೆಗೆ ಬಂದವರ ಗಂಟೆ

ನನ್ನ ಸೋದರತ್ತೆ ಗಡಿಯಾರ ನೋಡಲು ಬಾರದ ಹೆಡ್‌ಮಿಸ್ಟ್ರೆಸ್. ಹೀಗೆಂದು ನಾನಲ್ಲ, ನಮ್ಮ ಇಡೀ ಗಾಜಿಪುರ ಬಡಾವಣೆಯೇ ಹೇಳುತ್ತದೆ! ಕತ್ತಲಲ್ಲೇ ಎದ್ದು, ಕಮಲಾಪುರದ ಮೊದಲ ಬಸ್ಸು ಹಿಡಿದು, ಶಾಲೆಯ ಬೀಗ ತಾವೇ ತೆಗೆಯುತ್ತಿದ್ದ ಈಕೆ ಗಂಟೆ ಮಾತ್ರ ಹೊತ್ತಿಗೆ ಸರಿಯಾಗಿ ಹೊಡೆಸುತ್ತಿರಲಿಲ್ಲ. ಬೇವಿನ ಮರಕ್ಕೆ ತೂಗುಬಿಟ್ಟ ಆ ಕಬ್ಬಿಣದ ತುಂಡನ್ನು ಬಾರಿಸುವ ಹಕ್ಕು ಎಲ್ಲರಿಗಿಂತ ತಡವಾಗಿ ಬಂದ ಮಗುವಿನದು. ಅದು ಬರುವವರೆಗೆ ಪ್ರಾರ್ಥನೆಯಿಲ್ಲ, ಪಾಠವಿಲ್ಲ. ಉಳಿದವರೆಲ್ಲ ಅಂಗಳದಲ್ಲಿ ಮಗ್ಗಿ ಹೇಳುತ್ತ ಕಾಯಬೇಕು. ಇಂಥ ಶಾಲೆಯೂ ಉಂಟೇ?

ತಪಾಸಣೆಗೆ ಬಂದ ಸಾಹೇಬರೂ ಅದನ್ನೇ ಕೇಳಿದರು.

“ಏನ್ರೀ ಮೇಡಂ, ತಡಾ ಮಾಡಿದವ್ರಿಗೆ ಇನಾಮ ಕೊಡಾಕತ್ತೀರಲ್ಲ?”

“ತಡಾ ಆತಂತ ಹೆದ್ರಿ ಕೂಸು ಅರ್ಧಾ ದಾರೀಲಿಂದ ಮನಿಗಿ ಹೋದ್ರ, ನಾಳಿ ಬರಂಗಿಲ್ರೀ. ತಾ ಬರೋತನಾ ಸಾಲಿ ಸುರು ಆಗಂಗಿಲ್ಲಂತ ಗೊತ್ತಿದ್ರ ಓಡ್ಕೋತ ಬರ್ತದ.”

ಮುಂದಿನ ಸಲ ಸಾಹೇಬರೇ ತಡವಾಗಿ ಬಂದರು. ಅತ್ತೆ ಅವರ ಕೈಗೂ ಸುತ್ತಿಗೆ ಕೊಟ್ಟರು!

ಈ ಖಯಾಲಿ ಶಾಲೆಗಷ್ಟೇ ಇದ್ದಿದ್ದರೆ ನಾನು ಬದುಕುತ್ತಿದ್ದೆ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಾಗ ಅತ್ತೆ ಕೈ ಅಡ್ಡ ಹಿಡಿದರು.

“ತಡೀರಿ. ಹುಡುಗಿ ಕಾಕಾ ಇನ್ನಾ ಸ್ಟೇಶನ್ ಬಜಾರದಾಗ ಸಿಕ್ಕೊಂಡಾರ.”

“ಮುಹೂರ್ತ ಮೀರಾಕತ್ತದ್ರೀ ಯವ್ವಾ!” ಎಂದು ಅಯ್ಯನವರು ಹಲ್ಲು ಕಡಿದರು. ಕಾಕಾ ಆಟೋದಿಂದ ಇಳಿದ ಮೇಲೆಯೇ ನನಗೆ ಹೆಂಡತಿ ಸಿಕ್ಕಿದ್ದು!

ಇದನ್ನೆಲ್ಲ ಹೇಳಿ ನಗಿಸುತ್ತಿದ್ದೆ. ಈಗ ನನಗೇ ನಗು ಬರುವುದಿಲ್ಲ. ಮಕ್ಕಳು ಕಡಿಮೆಯೆಂದು ಆ ಶಾಲೆಯನ್ನು ಮುಚ್ಚಿ ದೂರದ ದೊಡ್ಡ ಶಾಲೆಗೆ ಸೇರಿಸುವ ಆದೇಶ ಬಂತು. ಅಲ್ಲಿಯದು ಕರೆಂಟಿನ ಗಂಟೆ. ತಾನೇ ಬಾರಿಸಿಕೊಳ್ಳುತ್ತದೆ, ಯಾರಿಗೂ ಕಾಯುವುದಿಲ್ಲ. ಶಾಲೆಯ ಕಡೆಯ ದಿನ ಅತ್ತೆಯೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ.

ಅಂಗಳದಲ್ಲಿ ಎಲ್ಲರೂ ಇದ್ದರು, ಒಬ್ಬಳನ್ನು ಬಿಟ್ಟು. ಅವ್ವ ಬಾಳೆತೋಟದ ಕೂಲಿಗೆ ಹೋದ ಮೇಲೆ ತಮ್ಮನಿಗೆ ಉಣಿಸಿ, ಅಜ್ಜಿಗೆ ಒಪ್ಪಿಸಿ ಬರುವ ಹುಡುಗಿ ಅವಳು. ಗಂಟೆ ಹೆಚ್ಚಾಗಿ ಅವಳದೇ. ಬಿಸಿಲೇರಿತು. ಮಗ್ಗಿ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅತ್ತೆಯ ಮುಖ ಸಣ್ಣದಾಯಿತು. ಅವಳನ್ನು ಹುಡುಕಲು ನಾವಿಬ್ಬರೂ ಹೊರಟೆವು. ದೂರ ಹೋಗಬೇಕಾಗಲಿಲ್ಲ, ಕಾಂಪೌಂಡಿನ ಹಿಂದೆಯೇ ಪುಸ್ತಕದ ಪಾಟೀಚೀಲ ತಬ್ಬಿಕೊಂಡು ಕೂತಿದ್ದಳು.

“ಯಾಕವ್ವಾ, ಒಳಗ್ಯಾಕ ಬರಲಿಲ್ಲ?”

“ನಾ ಬಂದ್ರ ಗಂಟಿ ಹೊಡೀಬೇಕಾಗ್ತದ್ರೀ ಟೀಚರ್. ಹೊಡದ್ರ ಸಾಲಿ ಸುರು ಆಗ್ತದ. ಸುರು ಆದ್ರ ಮುಗದೇ ಹೋಗ್ತದ.”

ಗಡಿಯಾರ ನೋಡಲು ಬಾರದ ನನ್ನ ಅತ್ತೆ ಸೀರೆಯ ನಿರಿಗೆ ಒಟ್ಟು ಮಾಡಿಕೊಂಡು ಆ ಮಣ್ಣಿನಲ್ಲೇ ಅವಳ ಪಕ್ಕಕ್ಕೆ ಕೂತರು.

“ಜರಾ ಸರಿಯವ್ವಾ,” ಎಂದರು. “ನಾನೂ ಇನ್ನಾ ಬಂದಿಲ್ಲ.”